ಢವಗುಟ್ಟಿದ ಹೊತ್ತಿನ ಗೆರೆ

ಎದೆಬಡಿತದ ತಾಳ ತಪ್ಪಿದ್ದನ್ನು ಹತ್ತು ಸೆಕೆಂಡಿನ ಇಸಿಜಿ ಹಿಡಿಯಬಲ್ಲದು. ಆದರೆ ತಪ್ಪುತ್ತಿರುವಾಗಲೇ ತೆಗೆಸಬೇಕು. ಆ ಚೌಕಳಿ ಕಾಗದದಲ್ಲಿ ವೈದ್ಯರು ಹುಡುಕುವುದು ಏನನ್ನು? ಓದುವವರು ಎಡವುವುದು ಎಲ್ಲಿ? ಮನೆಯವರು ಮಾಡಬೇಕಾದ್ದೇನು?

2025ರ ಜೂನ್ ಕೊನೆ, ಜುಲೈ ಮೊದಲ ವಾರ. ಹಾಸನ ಜಿಲ್ಲೆಯಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಎಡೆಬಿಡದೆ ಬರುತ್ತಿತ್ತು. ಸತ್ತವರಲ್ಲಿ ಹರೆಯದವರೂ ಇದ್ದರು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಯಲ್ಲೂ ಅದರ ಮೈಸೂರು ಶಾಖೆಯಲ್ಲೂ ಬೆಳಗಿನಿಂದಲೇ ಸಾಲು ಬೆಳೆಯಿತು. ನೋವಿಲ್ಲ, ಸುಸ್ತಿಲ್ಲ, ಆದರೂ ಯಾವುದಕ್ಕೂ ಒಂದು ಇಸಿಜಿ ಮಾಡಿಸಿಬಿಡೋಣ ಎಂದು ಬಂದವರು ಆ ಸಾಲಿನಲ್ಲಿ ಬಹಳ ಮಂದಿ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗಲೂ ಇಂಥದೇ ಜಂಗುಳಿ ಸೇರಿತ್ತು. ಹಾಸನದ ಸಾವುಗಳನ್ನು ಪರಿಶೀಲಿಸಲು ಸರ್ಕಾರ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಹೃದಯಾಘಾತದ ಸಾವುಗಳಲ್ಲಿ ಅಸಹಜ ಏರಿಕೆ ಕಾಣುವುದಿಲ್ಲ ಎಂದು ಅದು ವರದಿ ಕೊಟ್ಟಿತು.

ಸಾಲಿನಲ್ಲಿ ನಿಂತು, ‘ನಾರ್ಮಲ್ ಇದೆ’ ಎನ್ನಿಸಿಕೊಂಡು ಹೊರಬಂದವರಿಗೆ ನೆಮ್ಮದಿ ಸಿಕ್ಕಿತು. ಆ ನೆಮ್ಮದಿಗೆ ಆಧಾರವಾದದ್ದು ಹತ್ತು ಸೆಕೆಂಡು. ಒಂದು ಸಾಮಾನ್ಯ ಇಸಿಜಿ ದಾಖಲಿಸುವುದು ಅಷ್ಟನ್ನೇ. ಆ ಅವಧಿಯಲ್ಲಿ ಹೃದಯ ಹತ್ತು ಹದಿನೈದು ಸಲ ಬಡಿದಿರುತ್ತದೆ. ದಿನಕ್ಕೆ 86,400 ಸೆಕೆಂಡು, ಹೆಚ್ಚುಕಡಿಮೆ ಒಂದು ಲಕ್ಷ ಬಡಿತ. ಬೆಳಗಿನ ಜಾವ ಮೂರು ಗಂಟೆಗೆ ಎದೆ ಢವಢವ ಎಂದು, ಕಾಲು ಗಂಟೆಯಲ್ಲಿ ತಾನಾಗಿ ಸರಿಹೋಗಿ, ಹನ್ನೊಂದು ಗಂಟೆಗೆ ಲ್ಯಾಬಿಗೆ ಹೋದರೆ ಕಾಗದದಲ್ಲಿ ಏನೂ ಕಾಣದಿರಬಹುದು. ಯಂತ್ರ ಸುಳ್ಳು ಹೇಳಿರುವುದಿಲ್ಲ. ಅದನ್ನು ಕೇಳಿದ ಹೊತ್ತು ತಪ್ಪಾಗಿರುತ್ತದೆ.

ಇಲ್ಲಿ ಎರಡು ಬೇರೆ ಕಾಯಿಲೆಗಳು ಒಂದೇ ಹೆಸರಿನಡಿ ಬೆರೆತುಹೋಗಿವೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅದು ಹೃದಯಾಘಾತ. ಬಡಿತವನ್ನು ಹುಟ್ಟಿಸಿ ಹರಡುವ ವಿದ್ಯುತ್ತಿನ ವ್ಯವಸ್ಥೆ ಕೆಟ್ಟರೆ ಅದು ತಾಳದ ತೊಂದರೆ. ಮೊದಲನೆಯದು ಎರಡನೆಯದನ್ನು ಹುಟ್ಟಿಸಬಹುದು. ಹೃದಯಾಘಾತವಾದ ಮೊದಲ ಗಂಟೆಗಳಲ್ಲಿ ಹಠಾತ್ ಸಾವು ತರುವುದು ಸಾಮಾನ್ಯವಾಗಿ ತಾಳ ಪೂರ್ತಿ ಕುಸಿಯುವುದೇ. ಆದರೆ ನಾಳಗಳೆಲ್ಲ ಚೆನ್ನಾಗಿದ್ದು ತಾಳವೊಂದೇ ತಪ್ಪುವವರೂ ಸಾವಿರಾರು ಮಂದಿ ಇದ್ದಾರೆ. ಈ ಬರಹ ಅವರ ಕುರಿತು.

ಹತ್ತು ತಂತಿ, ಹನ್ನೆರಡು ನೋಟ

ಬೆಂಗಳೂರಿನ ದೇವೇಗೌಡ ಪೆಟ್ರೋಲ್ ಬಂಕ್‌ನಿಂದ ಪದ್ಮನಾಭನಗರದ ಒಳಗೆ ನಡೆದು ಹೋದರೆ, ಅತ್ತ ಚಿಕ್ಕಲ್ಲಸಂದ್ರ, ಇತ್ತ ಕದಿರೇನಹಳ್ಳಿಯವರೆಗೂ ಕ್ಲಿನಿಕ್ಕು, ನರ್ಸಿಂಗ್ ಹೋಮ್, ಡಯಾಗ್ನೋಸ್ಟಿಕ್ ಲ್ಯಾಬುಗಳ ಬೋರ್ಡುಗಳು ಕಾಣಸಿಗುತ್ತವೆ. ನಿವೃತ್ತರು ಹೆಚ್ಚಿರುವ ಬಡಾವಣೆ. ಇಲ್ಲಿಂದ ಜಯದೇವ ಐದಾರು ಕಿಲೋಮೀಟರ್ ದೂರ. ಇಸಿಜಿ ಇಲ್ಲಿ ಕೆಲವು ನೂರು ರೂಪಾಯಿಗೆ, ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ಎದೆಗೆ ತಣ್ಣನೆಯ ಜೆಲ್ಲಿ, ಆರು ರಬ್ಬರ್ ಬಲ್ಬುಗಳು, ಕೈಕಾಲಿಗೆ ಕೆಂಪು, ಹಳದಿ, ಹಸಿರು, ಕಪ್ಪು ಬಣ್ಣದ ನಾಲ್ಕು ಕ್ಲಿಪ್ಪುಗಳು. ಅಲ್ಲಾಡಬೇಡಿ, ಮಾತಾಡಬೇಡಿ ಎಂಬ ಸೂಚನೆ. ಆಮೇಲೆ ಗುಲಾಬಿ ಚೌಕಳಿಯ ಕಾಗದ.

ಹತ್ತು ತಂತಿಗಳಿಂದ ಯಂತ್ರ ಹನ್ನೆರಡು ನೋಟಗಳನ್ನು ಕಟ್ಟುತ್ತದೆ. ರಾಗಿಗುಡ್ಡ ಜಯನಗರದ ಕಡೆಯಿಂದ ಒಂದು ಬಗೆ, ಜೆ.ಪಿ. ನಗರದ ಕಡೆಯಿಂದ ಇನ್ನೊಂದು ಬಗೆ ಕಾಣುವ ಹಾಗೆ, ಒಂದೇ ಬಡಿತವನ್ನು ಹನ್ನೆರಡು ಕಡೆಯಿಂದ ನೋಡುವ ಏರ್ಪಾಡು ಇದು. ಒಂದು ನೋಟದಲ್ಲಿ ಅಡಗಿಕೊಂಡ ಪುಟ್ಟ ಅಲೆ ಮತ್ತೊಂದರಲ್ಲಿ ಸ್ಪಷ್ಟವಾಗಿ ಎದ್ದು ನಿಂತಿರುತ್ತದೆ.

ಇದರ ಮೂಲ ಯಂತ್ರವನ್ನು ಕಟ್ಟಿದವರು ಹಾಲೆಂಡಿನ ಲೈಡನ್ ನಗರದ ವಿಲೆಮ್ ಐಂಥೋವನ್. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಅವರು ಬಳಸಿದ ಸಾಧನದ ತೂಕ ಸುಮಾರು 270 ಕೆ.ಜಿ. ಅದನ್ನು ನಡೆಸಲು ಐದು ಜನ ಬೇಕಿತ್ತು. ರೋಗಿ ಎರಡೂ ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಬಿಟ್ಟು ಕೂರಬೇಕಿತ್ತು. ಆ ಭಾರದ ಯಂತ್ರವನ್ನು ಆಸ್ಪತ್ರೆಗೆ ಸಾಗಿಸುವಂತಿರಲಿಲ್ಲ. ಹಾಗಾಗಿ 1905ರಲ್ಲಿ ಐಂಥೋವನ್, ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಸಂಕೇತವನ್ನು ಟೆಲಿಫೋನ್ ತಂತಿಯ ಮೂಲಕ ತಮ್ಮ ಪ್ರಯೋಗಾಲಯಕ್ಕೆ ತರಿಸಿಕೊಂಡರು. ಗೆರೆಯ ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟವರೂ ಅವರೇ. 1924ರಲ್ಲಿ ಅವರಿಗೆ ನೊಬೆಲ್ ಬಂತು.

ಆ ಅಕ್ಷರಗಳ ಹಿಂದೆ ದೇಹದೊಳಗಿನ ಒಂದು ಸಂಚಾರವಿದೆ. ಹೃದಯದ ಬಲ ಮೇಲಿನ ಕೋಣೆಯಲ್ಲಿರುವ ಒಂದು ಪುಟ್ಟ ಗಂಟಿನಲ್ಲಿ ಮಿಡಿತ ಹುಟ್ಟುತ್ತದೆ. 1907ರಲ್ಲಿ ಅದನ್ನು ಮೊದಲು ವಿವರಿಸಿದವರು ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಅವರ ವಿದ್ಯಾರ್ಥಿ ಮಾರ್ಟಿನ್ ಫ್ಲ್ಯಾಕ್. ಮಿಡಿತ ಎರಡೂ ಮೇಲಿನ ಕೋಣೆಗಳಿಗೆ ಹರಡುವುದೇ ಪಿ ಅಲೆ. ಆಮೇಲೆ ಅದು ನಡುವಿನ ಇನ್ನೊಂದು ಗಂಟಿನಲ್ಲಿ ಕ್ಷಣಕಾಲ ತಡೆದು ನಿಲ್ಲುತ್ತದೆ. ಮೇಲಿನ ಕೋಣೆಗಳ ರಕ್ತ ಕೆಳಗೆ ಇಳಿಯಲು ಆ ಬಿಡುವು ಬೇಕು. ಈ ನಡುಗಂಟನ್ನು 1906ರಲ್ಲಿ ಕಂಡುಹಿಡಿದವರು ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಸುನಾವೊ ತವಾರ. ಅಲ್ಲಿಂದ ಮಿಡಿತ ವೇಗದ ನಾರುಗಳ ಮೂಲಕ ಕೆಳಗಿನ ಕೋಣೆಗಳಿಗೆ ನುಗ್ಗುತ್ತದೆ. ಅದೇ ಎತ್ತರದ, ಚೂಪಾದ ಕ್ಯೂಆರ್‌ಎಸ್. ಹಿಂದೆಯೇ ಬರುವ ದುಂಡನೆಯ ಟಿ ಅಲೆ, ಕೆಳಕೋಣೆಗಳು ಮುಂದಿನ ಬಡಿತಕ್ಕೆ ಸಜ್ಜಾಗುವ ಗುರುತು.

ಐದು ಪ್ರಶ್ನೆಗಳು

ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಓಡುತ್ತದೆ. ಒಂದು ಚಿಕ್ಕ ಚೌಕ ಎಂದರೆ 0.04 ಸೆಕೆಂಡು, ಐದು ಚಿಕ್ಕ ಚೌಕ ಸೇರಿದ ದೊಡ್ಡ ಚೌಕ 0.2 ಸೆಕೆಂಡು. ಇಷ್ಟು ಗೊತ್ತಿದ್ದರೆ ಲೆಕ್ಕ ಸುಲಭ. ಎರಡು ಆರ್ ಶಿಖರಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆಯೋ ಅಷ್ಟರಿಂದ 300ನ್ನು ಭಾಗಿಸಿದರೆ ನಿಮಿಷದ ಬಡಿತ ಸಿಗುತ್ತದೆ. ನಾಲ್ಕು ಚೌಕವಿದ್ದರೆ 75, ಎರಡೇ ಇದ್ದರೆ 150, ಆರಿದ್ದರೆ 50. ಬಡಿತ ಏರುಪೇರಾಗಿದ್ದರೆ ಈ ಲೆಕ್ಕ ಕೈಕೊಡುತ್ತದೆ. ಆಗ 30 ದೊಡ್ಡ ಚೌಕಗಳಲ್ಲಿ, ಅಂದರೆ ಆರು ಸೆಕೆಂಡುಗಳಲ್ಲಿ, ಬಿದ್ದ ಬಡಿತಗಳನ್ನು ಎಣಿಸಿ ಹತ್ತರಿಂದ ಗುಣಿಸುತ್ತಾರೆ.

ಅನುಭವಿ ವೈದ್ಯರು ಕಾಗದವನ್ನು ಒಮ್ಮೆ ನೋಡಿ ಹೇಳಿಬಿಟ್ಟಂತೆ ಕಂಡರೂ ಅವರ ಕಣ್ಣು ಒಂದು ಕ್ರಮದಲ್ಲೇ ಓಡಿರುತ್ತದೆ. ಬಡಿತ ಎಷ್ಟು? ಅಂತರ ಒಂದೇ ಸಮ ಇದೆಯೇ? ಪ್ರತಿ ಕ್ಯೂಆರ್‌ಎಸ್ ಮುಂದೆ ಪಿ ಇದೆಯೇ, ಪ್ರತಿ ಪಿ ಹಿಂದೆ ಕ್ಯೂಆರ್‌ಎಸ್ ಬಂದಿದೆಯೇ? ಪಿ ಶುರುವಾದಲ್ಲಿಂದ ಕ್ಯೂಆರ್‌ಎಸ್ ಶುರುವಾಗುವವರೆಗಿನ ದೂರ ಮೂರರಿಂದ ಐದು ಚಿಕ್ಕ ಚೌಕದೊಳಗೆ, ಎಲ್ಲ ಬಡಿತಗಳಲ್ಲೂ ಒಂದೇ ಇದೆಯೇ? ಕ್ಯೂಆರ್‌ಎಸ್ ಅಗಲ ಮೂರು ಚಿಕ್ಕ ಚೌಕಕ್ಕಿಂತ ಕಡಿಮೆ ಇದೆಯೇ? ಬಡಿತ 60ರಿಂದ 100ರೊಳಗಿದ್ದು, ಉಳಿದ ಉತ್ತರಗಳೂ ಸರಿಯಿದ್ದರೆ ತಾಳ ಸರಿಯಿದೆ ಎಂದರ್ಥ. ಯಾವ ಪ್ರಶ್ನೆಗೆ ಉತ್ತರ ತಪ್ಪಿತು ಎಂಬುದೇ ಕಾಯಿಲೆಯ ಹೆಸರಿನತ್ತ ಕರೆದೊಯ್ಯುತ್ತದೆ.

ನಡುವೆ ನುಸುಳಿದ ಬಡಿತ

ಎದೆಯಲ್ಲಿ ಒಂದು ಬಡಿತ ತಪ್ಪಿ, ಆಮೇಲೆ ‘ಧಡ್’ ಎಂದಂತಾಯಿತು ಎಂದು ಹೇಳಿಕೊಂಡು ಬರುವವರು ಎಲ್ಲ ವಯಸ್ಸಿನವರಲ್ಲೂ ಇದ್ದಾರೆ. ಕಾಗದದಲ್ಲಿ ಬಡಿತ ತಪ್ಪಿರುವುದಿಲ್ಲ, ಬೇಗ ಬಂದಿರುತ್ತದೆ. ಕೆಳಕೋಣೆಯ ಯಾವುದೋ ಒಂದು ಜಾಗ ಸರದಿ ಮೀರಿ ಮಿಡಿದರೆ ಪಿ ಇಲ್ಲದ, ಅಗಲವಾದ, ವಿಕಾರವಾದ ಒಂದು ಕ್ಯೂಆರ್‌ಎಸ್ ನಡುವೆ ನುಸುಳುತ್ತದೆ. ಅದರ ಹಿಂದೆ ಒಂದು ವಿರಾಮ. ವಿರಾಮದಲ್ಲಿ ಹೃದಯ ಹೆಚ್ಚು ರಕ್ತ ತುಂಬಿಕೊಳ್ಳುವುದರಿಂದ ಮುಂದಿನ ಬಡಿತ ಜೋರಾಗಿ ಗುದ್ದುತ್ತದೆ. ‘ಧಡ್’ ಎನ್ನಿಸುವುದು ಅದೇ. ನಿದ್ದೆಗೆಟ್ಟಾಗ, ಕಾಫಿ ಹೆಚ್ಚಾದಾಗ, ಜ್ವರವಿದ್ದಾಗ ಇದು ಆರೋಗ್ಯವಂತರಲ್ಲೂ ಉಂಟು. ಹೃದಯದ ಸ್ನಾಯು ಚೆನ್ನಾಗಿದ್ದರೆ ಹೆಚ್ಚಿನ ಸಲ ನಿರಪಾಯಕಾರಿ. ಎಕೋ ಪರೀಕ್ಷೆ ಮಾಡಿಸಿ ಅದನ್ನು ಖಚಿತಪಡಿಸಿಕೊಳ್ಳಬೇಕು.

ಇಂಥ ಬಡಿತಗಳನ್ನು ಮಾತ್ರೆಯಿಂದ ಅಳಿಸಿಹಾಕಿದರೆ ಜೀವ ಉಳಿಯುತ್ತದೆ ಎಂದು ಒಂದು ಕಾಲದಲ್ಲಿ ವೈದ್ಯಲೋಕ ನಂಬಿತ್ತು. ಹೃದಯಾಘಾತವಾದವರಲ್ಲಿ ಇದನ್ನು ಪರೀಕ್ಷಿಸಿದ ಕಾಸ್ಟ್ ಅಧ್ಯಯನದ ಫಲಿತಾಂಶ 1989ರಲ್ಲಿ ಬಂತು. ಮಾತ್ರೆ ತೆಗೆದುಕೊಂಡವರ ಗೆರೆ ಅಂದವಾಯಿತು, ಆದರೆ ಸತ್ತವರ ಸಂಖ್ಯೆ ಅವರಲ್ಲೇ ಹೆಚ್ಚಿತ್ತು. ಕಾಗದಕ್ಕೆ ಚಿಕಿತ್ಸೆ ಕೊಡಬಾರದು, ಕಾಗದದ ಹಿಂದಿರುವ ಮನುಷ್ಯನಿಗೆ ಕೊಡಬೇಕು ಎಂಬ ಪಾಠವನ್ನು ಹೃದ್ರೋಗ ಶಾಸ್ತ್ರ ಜೀವಗಳ ಬೆಲೆ ತೆತ್ತು ಕಲಿಯಿತು.

ಪಿ ಕಾಣೆಯಾದಾಗ

ಶಿಖರಗಳ ನಡುವಿನ ಅಂತರ ಒಂದರಂತೆ ಇನ್ನೊಂದಿಲ್ಲ. ಆ ಏರುಪೇರಿನಲ್ಲೂ ಒಂದು ಕ್ರಮ ಸಿಗುವುದಿಲ್ಲ. ಪಿ ಅಲೆ ಎಲ್ಲೂ ಇಲ್ಲ. ಅದರ ಜಾಗದಲ್ಲಿ ಗೆರೆ ಸಣ್ಣಗೆ ನಡುಗುತ್ತಿದೆ. ಇದು ಏಟ್ರಿಯಲ್ ಫಿಬ್ರಿಲೇಶನ್. ಮೇಲಿನ ಕೋಣೆಗಳು ಸಂಕುಚಿಸುವ ಬದಲು ಬರೀ ಅದುರುತ್ತಿವೆ ಎಂದರ್ಥ. ಹಾಗೆ ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿ ಮಿದುಳಿಗೆ ಹೋದರೆ ಲಕ್ವ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ದೀರ್ಘಕಾಲದ ಅಧ್ಯಯನದ ಪ್ರಕಾರ ಈ ತೊಂದರೆಯಿರುವವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು ಹೆಚ್ಚು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸಕಾಲದಲ್ಲಿ ಶುರುವಾದರೆ ಆ ಅಪಾಯವನ್ನು ಬಹುಪಾಲು ತಗ್ಗಿಸಬಹುದು. ಹಾಗಾಗಿ ಈ ಗೆರೆಯನ್ನು ಗುರುತಿಸುವುದು ಎಂದರೆ ಒಂದು ಕೈ, ಒಂದು ಕಾಲು, ಮಾತು, ಇವನ್ನು ಉಳಿಸುವ ಕೆಲಸ.

ಪದ್ಮನಾಭನಗರದಂಥ ಬಡಾವಣೆಗೆ ಇದು ಮುಖ್ಯ, ಏಕೆಂದರೆ ವಯಸ್ಸು ಏರಿದಷ್ಟೂ, ಬಿ.ಪಿ., ಸಕ್ಕರೆ ಕಾಯಿಲೆ, ಥೈರಾಯ್ಡ್ ಜೊತೆಗಿದ್ದಷ್ಟೂ ಏಟ್ರಿಯಲ್ ಫಿಬ್ರಿಲೇಶನ್ ಹೆಚ್ಚು. ನಮ್ಮಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಚಿಕ್ಕಂದಿನ ಗಂಟಲುನೋವಿನ ಬೆನ್ನಿಗೆ ಬರುವ ರುಮಾಟಿಕ್ ಜ್ವರ ಮೈಟ್ರಲ್ ಕವಾಟವನ್ನು ಕಿರಿದಾಗಿಸಿದರೆ, ಮೂವತ್ತರ ಹರೆಯದ ಹೆಣ್ಣುಮಗಳ ಇಸಿಜಿಯಲ್ಲೂ ಪಿ ಕಾಣೆಯಾಗಬಹುದು. ಆ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಗೆ ಜಯದೇವ ದೇಶದಲ್ಲೇ ಹೆಸರಾದದ್ದು ಸುಮ್ಮನೆ ಅಲ್ಲ. ಅಷ್ಟು ರೋಗಿಗಳು ಹಳ್ಳಿಗಳಿಂದ ಅಲ್ಲಿಗೆ ಬರುತ್ತಾರೆ.

ಇದರ ಹತ್ತಿರದ ನೆಂಟ ಏಟ್ರಿಯಲ್ ಫ್ಲಟರ್. ಇಲ್ಲಿ ಮೇಲಿನ ಕೋಣೆ ನಿಮಿಷಕ್ಕೆ ಸುಮಾರು 300ರಂತೆ ಸುತ್ತು ಹೊಡೆಯುತ್ತದೆ. ಗೆರೆ ಗರಗಸದ ಹಲ್ಲಿನಂತೆ ಕಾಣುತ್ತದೆ. ನಡುಗಂಟು ಎರಡಕ್ಕೆ ಒಂದನ್ನು ಮಾತ್ರ ಕೆಳಗೆ ಬಿಟ್ಟರೆ ಬಡಿತ ಸುಮಾರು 150 ಆಗುತ್ತದೆ. ಏರಿಳಿತವೇ ಇಲ್ಲದೆ 150ರಲ್ಲಿ ನಿಂತ ಬಡಿತ ಕಂಡರೆ ಹಲ್ಲುಗಳನ್ನು ಹುಡುಕು ಎಂದು ಕಿರಿಯ ವೈದ್ಯರಿಗೆ ಹೇಳಿಕೊಡುತ್ತಾರೆ. ಅವು ಕ್ಯೂಆರ್‌ಎಸ್, ಟಿ ಅಲೆಗಳೊಳಗೆ ಅಡಗಿರುತ್ತವೆ.

ಗಾಬರಿ ಎನ್ನಿಸಿಕೊಂಡ ಕಾಯಿಲೆ

ಕುಳಿತಲ್ಲೇ, ಯಾವ ಕಾರಣವೂ ಇಲ್ಲದೆ, ಸ್ವಿಚ್ ಒತ್ತಿದ ಹಾಗೆ ಬಡಿತ 180ಕ್ಕೆ ಏರುತ್ತದೆ. ಕತ್ತಿನ ನರ ಕುಣಿಯುತ್ತದೆ, ಬೆವರು, ನಡುಕ. ಅರ್ಧ ಗಂಟೆಯ ನಂತರ ಹಾಗೆಯೇ ಒಮ್ಮೆಲೇ ನಿಲ್ಲುತ್ತದೆ. ಆಮೇಲೆ ತೆಗೆದ ಇಸಿಜಿ ಪೂರ್ತಿ ನಾರ್ಮಲ್. ‘ಟೆನ್ಶನ್ ಜಾಸ್ತಿ ಮಾಡ್ಕೋತೀರಿ’ ಎಂಬ ಮಾತು ಕೇಳಿಕೊಂಡು ಮನೆಗೆ ಮರಳುವವರಲ್ಲಿ ಹೆಂಗಸರೇ ಹೆಚ್ಚು. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ಹೀಗೆ ಒಮ್ಮೆಲೇ ವೇಗ ಏರುವ ಎಸ್‌ವಿಟಿ ಎಂಬ ತಾಳದೋಷ ಖಚಿತವಾದ 107 ರೋಗಿಗಳನ್ನು ಪರಿಶೀಲಿಸಿತು. ಅವರಲ್ಲಿ ಮೂರನೇ ಎರಡರಷ್ಟು ಜನರ ಲಕ್ಷಣಗಳು ಗಾಬರಿ ಕಾಯಿಲೆಯ ಮಾನದಂಡಕ್ಕೂ ಹೊಂದುತ್ತಿದ್ದವು. ಅರ್ಧಕ್ಕಿಂತ ಹೆಚ್ಚು ಮಂದಿಯ ನಿಜವಾದ ತೊಂದರೆ ಮೊದಲ ತಪಾಸಣೆಯಲ್ಲಿ ಪತ್ತೆಯೇ ಆಗಿರಲಿಲ್ಲ.

ಢವಗುಟ್ಟುತ್ತಿರುವಾಗ ತೆಗೆದ ಒಂದು ಗೆರೆ ಈ ಗೊಂದಲವನ್ನು ಮುಗಿಸುತ್ತದೆ. ಕಿರಿದಾದ ಕ್ಯೂಆರ್‌ಎಸ್‌ಗಳು, ಗಡಿಯಾರದಷ್ಟು ಸಮ ಅಂತರ, ವೇಗ 150ರಿಂದ 250ರೊಳಗೆ, ಪಿ ಕಾಣುವುದಿಲ್ಲ ಅಥವಾ ಕ್ಯೂಆರ್‌ಎಸ್‌ನ ಬಾಲಕ್ಕೆ ಅಂಟಿಕೊಂಡಿರುತ್ತದೆ. ಗಾಬರಿಯಿಂದ ಏರಿದ ಬಡಿತದಲ್ಲಾದರೆ ಪಿ ತನ್ನ ಜಾಗದಲ್ಲೇ ಇರುತ್ತದೆ, ವೇಗ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಎಸ್‌ವಿಟಿಯನ್ನು ನಿಲ್ಲಿಸಲು ಮೊದಲು ಔಷಧವೇ ಬೇಕೆಂದಿಲ್ಲ. ವೈದ್ಯರ ಎದುರು ಹದಿನೈದು ಸೆಕೆಂಡು ಮುಕ್ಕಿರಿಸಿ, ತಕ್ಷಣ ಅಂಗಾತ ಮಲಗಿಸಿ ಕಾಲೆತ್ತುವ ಉಪಾಯ ಶೇಕಡಾ 43 ಮಂದಿಯಲ್ಲಿ ಫಲಿಸಿತು, ಬರೀ ಮುಕ್ಕಿರಿಯುವುದು ಶೇಕಡಾ 17 ಮಂದಿಯಲ್ಲಿ ಮಾತ್ರ ಎಂದು 2015ರ ಬ್ರಿಟಿಷ್ ಅಧ್ಯಯನ ತೋರಿಸಿದೆ. ಅದೂ ಆಗದಿದ್ದರೆ ಅಡೆನೊಸಿನ್ ಚುಚ್ಚುಮದ್ದು ಕೆಲವೇ ಸೆಕೆಂಡುಗಳಲ್ಲಿ ತಾಳವನ್ನು ಮರಳಿಸುತ್ತದೆ. ಮತ್ತೆ ಮತ್ತೆ ಬರುವವರಿಗೆ, ತೊಡೆಸಂದಿನ ರಕ್ತನಾಳದಿಂದ ತೆಳು ತಂತಿ ಕಳಿಸಿ ತಪ್ಪುದಾರಿಯನ್ನು ಸುಟ್ಟುಹಾಕುವ ಅಬ್ಲೇಶನ್ ಇದೆ. ಬಹುಪಾಲು ಜನರಿಗೆ ಅದು ಕಾಯಂ ಪರಿಹಾರ. ಆದರೆ ಅಲ್ಲಿಗೆ ತಲುಪಲು ಮೊದಲು ಆ ಒಂದು ಗೆರೆ ಕೈಯಲ್ಲಿರಬೇಕು.

ಅಗಲವಾದ ಗೆರೆಯ ಅಪಾಯ

ವೇಗವೂ ಇದ್ದು ಕ್ಯೂಆರ್‌ಎಸ್ ಅಗಲವೂ ಆಗಿದ್ದರೆ ಓದುವವರ ಮೈಯೆಲ್ಲ ಎಚ್ಚರವಾಗಬೇಕು. ಹಿಂದೆ ಹೃದಯಾಘಾತವಾದವರಲ್ಲಿ ಇಂಥ ಗೆರೆ ಕಂಡರೆ, ಬೇರೆ ಎಂದು ಸಾಬೀತಾಗುವವರೆಗೂ ಅದು ಕೆಳಕೋಣೆಯಿಂದ ಹೊರಟ ವೇಗದ ಬಡಿತ, ಅಂದರೆ ವಿಟಿ ಎಂದೇ ತಿಳಿಯಬೇಕು. ರೋಗಿ ಎದ್ದು ಕೂತು ಮಾತಾಡುತ್ತಿದ್ದಾರೆ, ಹಾಗಾಗಿ ಇದು ವಿಟಿ ಇರಲಾರದು ಎಂದುಕೊಳ್ಳುವುದು ಹಳೆಯ, ಅಪಾಯದ ತಪ್ಪು. ಎಸ್‌ವಿಟಿ ಎಂದು ತಿಳಿದು ವೆರಾಪಮಿಲ್ ಚುಚ್ಚಿದರೆ ಅಂಥ ರೋಗಿ ಕುಸಿದುಬೀಳಬಹುದು. ಪಿ ಅಲೆಗಳು ತಮ್ಮ ಪಾಡಿಗೆ, ಕ್ಯೂಆರ್‌ಎಸ್ ತಮ್ಮ ಪಾಡಿಗೆ ಸಾಗುತ್ತಿರುವುದು ಕಂಡರೆ ವಿಟಿ ಖಚಿತ. ಸ್ಪೇನಿನ ಬ್ರುಗಾಡ ಸಹೋದರರು 1991ರಲ್ಲಿ ಇದನ್ನು ಗುರುತಿಸಲು ನಾಲ್ಕು ಹಂತದ ಕ್ರಮವೊಂದನ್ನು ಕೊಟ್ಟರು. ತುರ್ತು ಚಿಕಿತ್ಸಾ ಕೊಠಡಿಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ.

ಗೆರೆಯಲ್ಲಿ ಶಿಖರವೂ ಇಲ್ಲ, ಕಣಿವೆಯೂ ಇಲ್ಲ, ಬರೀ ಗೀಚು. ಅದು ವಿಎಫ್, ಕೆಳಕೋಣೆಗಳು ಬರೀ ಅದುರುವ ಸ್ಥಿತಿ. ಹೃದಯ ರಕ್ತ ದೂಡುವುದನ್ನು ನಿಲ್ಲಿಸಿದೆ. ಆಗ ಕಾಗದ ಓದುತ್ತ ಕೂರುವಂತಿಲ್ಲ. ಎದೆ ಒತ್ತಬೇಕು, ಶಾಕ್ ಕೊಡಬೇಕು. ಎದೆ ಒತ್ತುವವರೂ ಇಲ್ಲದೆ ಕಳೆದ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಈ ಮಾತು ಅಪಾರ್ಟ್‌ಮೆಂಟ್ ಸಂಘಗಳಿಗೂ ಪಾರ್ಕಿನ ವಾಕಿಂಗ್ ಗುಂಪುಗಳಿಗೂ ತಲುಪಬೇಕು. ಎದೆ ಒತ್ತುವುದನ್ನು ಒಂದೇ ಮಧ್ಯಾಹ್ನದಲ್ಲಿ ಕಲಿಯಬಹುದು.

ನಿಧಾನದ ಕಾಯಿಲೆ

ಹಿರಿಯರಲ್ಲಿ ತಲೆ ಸುತ್ತಿ ಬೀಳುವುದಕ್ಕೆ ‘ವಯಸ್ಸಾಯ್ತು’ ಎಂಬ ಕಾರಣ ಸಾಲದು. ನಡುಗಂಟು ದುರ್ಬಲವಾದಾಗ ಇಸಿಜಿ ಅದನ್ನು ಹಂತಹಂತವಾಗಿ ಹೇಳುತ್ತದೆ. ಮೊದಲು ಪಿಯಿಂದ ಕ್ಯೂಆರ್‌ಎಸ್‌ವರೆಗಿನ ದೂರ ಐದು ಚಿಕ್ಕ ಚೌಕ ದಾಟುತ್ತದೆ. ಆಮೇಲೆ ಕೆಲವರಲ್ಲಿ ಆ ದೂರ ಬಡಿತದಿಂದ ಬಡಿತಕ್ಕೆ ಹಿಗ್ಗುತ್ತ ಹೋಗಿ ಒಂದು ಕ್ಯೂಆರ್‌ಎಸ್ ಬೀಳುವುದೇ ಇಲ್ಲ. ಮತ್ತೆ ಮೊದಲಿನಿಂದ ಶುರು. ವೆಂಕೆಬಾಕ್ ಎಂಬ ವೈದ್ಯರು 1899ರಲ್ಲಿ, ಇಸಿಜಿ ಯಂತ್ರವೇ ಇಲ್ಲದ ಕಾಲದಲ್ಲಿ, ಬರೀ ನಾಡಿಯ ಏರಿಳಿತದ ದಾಖಲೆಯಿಂದ ಇದನ್ನು ಗುರುತಿಸಿದ್ದರು. ದೂರ ಹಿಗ್ಗದೆಯೇ ಇದ್ದಕ್ಕಿದ್ದಂತೆ ಬಡಿತ ಬಿಟ್ಟುಹೋಗುವ ಬಗೆ ಹೆಚ್ಚು ಅಪಾಯದ್ದು. ಕೊನೆಯದು ಪೂರ್ಣ ತಡೆ. ಪಿ ಅಲೆಗಳು ನಿಮಿಷಕ್ಕೆ 80ರಂತೆ ಸಾಗುತ್ತಿರುತ್ತವೆ, ಕ್ಯೂಆರ್‌ಎಸ್ 35ರಂತೆ, ಒಂದಕ್ಕೊಂದು ಸಂಬಂಧವಿಲ್ಲ.

ಅಂಥ ತಡೆಯಿಂದ ದಿನಕ್ಕೆ ಹಲವು ಸಲ ಪ್ರಜ್ಞೆ ತಪ್ಪುತ್ತಿದ್ದ ಸ್ವೀಡನ್ನಿನ ಆರ್ನೆ ಲಾರ್ಸನ್ ಅವರ ದೇಹದೊಳಗೆ 1958ರ ಅಕ್ಟೋಬರ್ 8ರಂದು ಜಗತ್ತಿನ ಮೊದಲ ಪೇಸ್‌ಮೇಕರ್ ಕೂರಿಸಲಾಯಿತು. ಅದು ನಡೆದದ್ದು ಕೆಲವೇ ಗಂಟೆ. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್‌ಗಳನ್ನು ಬದಲಿಸಿಕೊಂಡು ಅವರು 2001ರವರೆಗೆ, 86 ವರ್ಷ ಬದುಕಿದರು. ಬಡಿತ ನಿಧಾನವಾದ ಎಲ್ಲರಿಗೂ ಪೇಸ್‌ಮೇಕರ್ ಬೇಕಿಲ್ಲ. ಕೆಲವು ಬಿ.ಪಿ. ಮಾತ್ರೆಗಳೂ ಬಡಿತ ಇಳಿಸುತ್ತವೆ. ಹಾಗಾಗಿ ಗೆರೆಯ ಜೊತೆಗೆ ಮಾತ್ರೆಯ ಚೀಟಿಯನ್ನೂ ವೈದ್ಯರಿಗೆ ತೋರಿಸಬೇಕು.

ಶಾಂತವಾಗಿದ್ದಾಗಲೂ ಬಿಟ್ಟುಕೊಡುವ ಸುಳಿವು

ತೊಂದರೆಯಿಲ್ಲದ ಹೊತ್ತಿನ ಇಸಿಜಿ ವ್ಯರ್ಥವೆಂದಲ್ಲ. ಕೆಲವು ತಾಳದೋಷಗಳು ಸುಮ್ಮನಿರುವಾಗಲೂ ಗುರುತು ಬಿಡುತ್ತವೆ. 1930ರಲ್ಲಿ ವೂಲ್ಫ್, ಪಾರ್ಕಿನ್‌ಸನ್, ವೈಟ್ ಎಂಬ ಮೂವರು ವಿವರಿಸಿದ ಡಬ್ಲ್ಯುಪಿಡಬ್ಲ್ಯು ತೊಂದರೆಯಲ್ಲಿ, ಹುಟ್ಟಿನಿಂದಲೇ ಇರುವ ಅಡ್ಡದಾರಿಯೊಂದು ನಡುಗಂಟನ್ನು ತಪ್ಪಿಸಿ ಮಿಡಿತವನ್ನು ಕೆಳಗೆ ಒಯ್ಯುತ್ತದೆ. ಕ್ಯೂಆರ್‌ಎಸ್ ನೆಟ್ಟಗೆ ಏಳುವ ಬದಲು ಇಳಿಜಾರಿನಂತೆ ಶುರುವಾಗುತ್ತದೆ. 1992ರಲ್ಲಿ ಅದೇ ಬ್ರುಗಾಡ ಸಹೋದರರು ಎದೆಯ ಬಲಭಾಗದ ನೋಟಗಳಲ್ಲಿ ಕಂಡ ಮತ್ತೊಂದು ವಿಶಿಷ್ಟ ಆಕಾರವನ್ನು ವರದಿ ಮಾಡಿದರು. ಮನೆತನದಲ್ಲಿ ಬರುವ ಈ ದೋಷ ಜ್ವರ ಬಂದಾಗ ಹೆಚ್ಚು ಕಾಣುತ್ತದೆ. ನಿದ್ದೆಯಲ್ಲೇ ಸಾವು ತರಬಲ್ಲದು. ಇನ್ನೊಂದು, ಕ್ಯೂನಿಂದ ಟಿ ಮುಗಿಯುವವರೆಗಿನ ದೂರ ಅತಿಯಾಗಿ ಹಿಗ್ಗುವುದು. ಅದು ಹುಟ್ಟಿನಿಂದ ಬರಬಹುದು. ಕೆಲವು ಆ್ಯಂಟಿಬಯೋಟಿಕ್, ಫಂಗಸ್ ಔಷಧ, ಮಾನಸಿಕ ಕಾಯಿಲೆಯ ಮಾತ್ರೆಗಳಿಂದಲೂ ಬರಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಎರಡು ಮಾತ್ರೆ ಒಟ್ಟಿಗೆ ಸೇರಿದಾಗಲೂ ಹಾಗಾಗುತ್ತದೆ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಕಾರಣ ತಿಳಿಯದೆ ಹಠಾತ್ತಾಗಿ ತೀರಿಕೊಂಡಿದ್ದರೆ, ಉಳಿದವರ ಇಸಿಜಿಯನ್ನು ಈ ಕಣ್ಣಿನಿಂದ ಒಮ್ಮೆ ನೋಡಿಸಲೇಬೇಕು.

ಗೆರೆಯೂ ಮೋಸ ಮಾಡುತ್ತದೆ. ಪಾರ್ಕಿನ್‌ಸನ್ ಕಾಯಿಲೆಯ ಕೈನಡುಕ ಗರಗಸದ ಹಲ್ಲು ಮೂಡಿಸಬಹುದು. ಸಡಿಲವಾದ ಕ್ಲಿಪ್ಪು ವಿಎಫ್‌ನಂಥ ಗೀಚು ಬರೆಯಬಹುದು. ಎಡಗೈ ಬಲಗೈ ತಂತಿ ಅದಲುಬದಲಾದರೆ ಮೊದಲ ನೋಟದಲ್ಲಿ ಪಿ ತಲೆಕೆಳಗಾಗುತ್ತದೆ. ಕಾಗದದ ತಲೆಯಲ್ಲಿ ಯಂತ್ರವೇ ಅಚ್ಚುಹಾಕುವ ತೀರ್ಪು ನಡುಕಕ್ಕೆ, ನುಸುಳಿದ ಬಡಿತಗಳಿಗೆ ಏಟ್ರಿಯಲ್ ಫಿಬ್ರಿಲೇಶನ್ ಎಂದು ಹೆಸರಿಟ್ಟುಬಿಡುವುದುಂಟು. ಆ ಒಂದು ಸಾಲು ನಂಬಿ ರಕ್ತ ತೆಳುಗೊಳಿಸುವ ಮಾತ್ರೆ ಶುರುಮಾಡುವುದೂ ತಪ್ಪು, ಅದನ್ನು ಕಡೆಗಣಿಸುವುದೂ ತಪ್ಪು. ಕಣ್ಣಿಟ್ಟು ಓದಬಲ್ಲ ಮನುಷ್ಯರು ಬೇಕು.

ಹಿಡಿಯುವ ಬಗೆ

ದಿನವೂ ಬರುವ ತೊಂದರೆಗೆ 24 ಗಂಟೆ ಸೊಂಟಕ್ಕೆ ಕಟ್ಟಿಕೊಳ್ಳುವ ಹೋಲ್ಟರ್ ಸಾಕು. ವಾರಕ್ಕೊಮ್ಮೆ ಬರುವುದಕ್ಕೆ ಎದೆಗೆ ಅಂಟಿಸುವ ಪ್ಯಾಚು. ವರ್ಷಕ್ಕೆ ಎರಡು ಸಲ ಪ್ರಜ್ಞೆ ತಪ್ಪುವವರಿಗೆ ಚರ್ಮದಡಿ ಕೂರಿಸುವ ಲೂಪ್ ರೆಕಾರ್ಡರ್. ಬೆಂಗಳೂರಿನಲ್ಲಿ ಈಗ ಮಣಿಕಟ್ಟಿನ ಗಡಿಯಾರವೂ ಈ ಸಾಲಿಗೆ ಸೇರಿದೆ. 2019ರಲ್ಲಿ ಪ್ರಕಟವಾದ ಆ್ಯಪಲ್ ಅಧ್ಯಯನದಲ್ಲಿ 4.19 ಲಕ್ಷ ಜನ ಭಾಗವಹಿಸಿದ್ದರು. ತಾಳ ಏರುಪೇರಾಗಿದೆ ಎಂಬ ಎಚ್ಚರಿಕೆ ಬಂದದ್ದು ಶೇಕಡಾ 0.52 ಮಂದಿಗೆ. ಅವರಲ್ಲಿ ಪ್ಯಾಚು ಧರಿಸಿ ಮರಳಿಸಿದವರ ಪೈಕಿ ಶೇಕಡಾ 34 ಮಂದಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಸಿಕ್ಕಿತು. ಬಂದುಹೋಗುವ ಕಾಯಿಲೆ ಎಷ್ಟು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ ಎಂಬುದಕ್ಕೂ ಇದೇ ಲೆಕ್ಕ. ಗಡಿಯಾರ ಬರೆಯುವುದು ಹನ್ನೆರಡರಲ್ಲಿ ಒಂದೇ ನೋಟ. ಅದು ಹೃದಯಾಘಾತವನ್ನು ಪತ್ತೆ ಮಾಡುವುದಿಲ್ಲ. ಎದೆನೋವಿದ್ದಾಗ ಅದನ್ನು ನೋಡುತ್ತ ಕೂರಬಾರದು.

ಗಡಿಯಾರವಿಲ್ಲದವರಿಗೆ ಬೆರಳುಗಳಿವೆ. ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ಎಣಿಸಿದರೆ ವೇಗವೂ ಏರುಪೇರೂ ತಿಳಿಯುತ್ತದೆ. ಎದೆ ಢವಗುಟ್ಟಲು ಶುರುವಾದರೆ ನಿಲ್ಲಲಿ ಎಂದು ಕಾಯದೆ, ಆಗಲೇ ಹತ್ತಿರದ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆಸಬೇಕು. ಪ್ರಜ್ಞೆ ತಪ್ಪಿದರೆ, ಉಸಿರು ಕಟ್ಟಿದರೆ, ಎದೆ ಹಿಂಡಿದರೆ 108ಕ್ಕೆ ಕರೆ ಮಾಡಬೇಕು. ಕಾಗದದ ಮೇಲೆ ಗಂಟೆ, ಆಗ ಏನನ್ನಿಸುತ್ತಿತ್ತು, ಯಾವ ಮಾತ್ರೆ ನುಂಗಲಾಗಿತ್ತು ಎಂಬುದನ್ನು ಬರೆದಿಡಬೇಕು. ತಕ್ಷಣ ಫೋಟೊ ತೆಗೆದು, ಜೆರಾಕ್ಸ್ ಮಾಡಿಸಬೇಕು. ಬಹಳಷ್ಟು ಲ್ಯಾಬುಗಳು ಕೊಡುವುದು ಶಾಖಕ್ಕೆ ಬಣ್ಣ ತಿರುಗುವ ಕಾಗದ. ಬಿಸಿಲಿಗೆ, ಪ್ಲಾಸ್ಟಿಕ್ ಕವರಿನೊಳಗೆ, ಸ್ಯಾನಿಟೈಜರ್ ತಾಗಿದರೆ ಅದು ಮಾಸಿಹೋಗುತ್ತದೆ. ಐದು ವರ್ಷದ ಹಿಂದಿನ ಗೆರೆಯನ್ನು ಇಂದಿನದರ ಪಕ್ಕ ಇಟ್ಟು ನೋಡುವಾಗ ಆ ಮಾಸಿದ ಕಾಗದದ ನಷ್ಟ ಗೊತ್ತಾಗುತ್ತದೆ.

ದೂರದ ಗೆರೆಯನ್ನು ಓದಿಸುವ ದಾರಿಯನ್ನು ಕರ್ನಾಟಕ ಈಗಾಗಲೇ ಕಂಡುಕೊಂಡಿದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಹೆಸರಿನಲ್ಲಿ ಕರಾವಳಿ, ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಳ್ಳಿ ವೈದ್ಯರು ಕಳಿಸಿದ ಗೆರೆಗಳಿಗೆ ತಜ್ಞರು ಉತ್ತರಿಸುವ ಏರ್ಪಾಡು ಕಟ್ಟಿದರು. ಹೃದ್ರೋಗ ತಜ್ಞ ಡಾ. ಚರಿತ್ ಭೋಗರಾಜ್ ಬೆಂಗಳೂರಿನಲ್ಲಿ ಹುಟ್ಟುಹಾಕಿದ ಟ್ರೈಕಾಗ್, ದೂರದ ಯಂತ್ರಗಳಿಂದ ಬಂದ ಗೆರೆಯನ್ನು ಕಂಪ್ಯೂಟರ್ ಮತ್ತು ವೈದ್ಯರು ಸೇರಿ ನಿಮಿಷಗಳಲ್ಲಿ ಓದುವ ಸಂಸ್ಥೆ. ರಾಜ್ಯ ಸರ್ಕಾರ 2023ರ ನವೆಂಬರ್‌ನಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಆರಂಭಿಸಿತು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವದಂಥ ಕೇಂದ್ರಕ್ಕೆ ಹೋಗುತ್ತದೆ. ಹೃದಯಾಘಾತ ಖಚಿತವಾದರೆ ಹತ್ತಾರು ಸಾವಿರ ರೂಪಾಯಿ ಬೆಲೆಯ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ.

ಯೋಜನೆಯ ಮುಖ್ಯ ಗುರಿ ಹೃದಯಾಘಾತ, ಅದು ಸರಿಯೇ. ಆದರೆ ಅದೇ ಯಂತ್ರ, ಅದೇ ದಾರಿ, ಅದೇ ತಜ್ಞರ ಕಣ್ಣಿನಿಂದ ತಾಳದ ದೋಷಗಳೂ ಪತ್ತೆಯಾಗಬಲ್ಲವು. ಹೃದಯಾಘಾತವಲ್ಲ ಎಂದು ತಾಲ್ಲೂಕು ಆಸ್ಪತ್ರೆಯಿಂದ ಮನೆಗೆ ಕಳಿಸುವ ರೋಗಿಯ ಗೆರೆಯಲ್ಲಿ ಪಿ ಕಾಣೆಯಾಗಿದ್ದರೆ ಅದನ್ನೂ ಬರೆದು, ರಕ್ತ ತೆಳುಗೊಳಿಸುವ ಮಾತ್ರೆಯ ಅಗತ್ಯವನ್ನು ಯಾರು, ಯಾವಾಗ ನೋಡಬೇಕೆಂದು ಗೊತ್ತುಮಾಡಬೇಕು. ನಗರದ ಖಾಸಗಿ ಲ್ಯಾಬುಗಳು ವರದಿಯ ಒಂದು ಸಾಲಿನ ಜೊತೆಗೆ ಮೂಲ ಗೆರೆಯ ಪ್ರತಿಯನ್ನು ರೋಗಿಯ ಮೊಬೈಲಿಗೂ ಕಳಿಸಬೇಕು. ಪದ್ಮನಾಭನಗರದಂಥ ಬಡಾವಣೆಗಳ ಕ್ಲಿನಿಕ್ಕುಗಳು ರಾತ್ರಿ ಹೊತ್ತು ಮತ್ತು ಭಾನುವಾರ ಸರದಿಯ ಮೇಲೆ ಇಸಿಜಿ ತೆಗೆಯುವ ವ್ಯವಸ್ಥೆ ಮಾಡಿಕೊಂಡು, ಆ ಪಟ್ಟಿಯನ್ನು ನಿವಾಸಿಗಳ ಸಂಘಗಳ ಮೂಲಕ ಮನೆಮನೆಗೆ ತಲುಪಿಸಿದರೆ, ಬೆಳಗಿನ ಜಾವ ಮೂರು ಗಂಟೆಗೆ ಢವಗುಟ್ಟಿದ ಎದೆಯ ಗೆರೆಯನ್ನು ಆ ಕಾಲು ಗಂಟೆಯೊಳಗೇ ಹಿಡಿಯಲು ಸಾಧ್ಯವಾಗುತ್ತದೆ.